ಅತ್ತೆಯ ಫೋಟೋಗೆ ಒಂದು ಒಳ್ಳೆಯ ಕಪ್ಪು

ಕಪ್ಪು ಎಂದರೆ ಒಂದೇ ಬಣ್ಣ ಎಂದು ನಂಬಿಕೊಂಡು ಮೂವತ್ತೆಂಟು ವರ್ಷ ನೆಮ್ಮದಿಯಾಗಿ ಬದುಕಿದವನು ನಾನು. ಛತ್ರಿ ಕಪ್ಪು, ರೊಟ್ಟಿ ಹಂಚು ಕಪ್ಪು, ನಾನು ಪಾಠ ಮಾಡುವ ಕಾಲೇಜಿನ ಬೋರ್ಡು ಕಪ್ಪು. ಇಷ್ಟು ಬರೆದು, ಯಾವುದಕ್ಕೂ ಇರಲಿ ಎಂದು ಹಳೆಯ ದಿನಚರಿ ತೆಗೆದು ನೋಡಿದೆ. ಅದರಲ್ಲಿ ನನ್ನದೇ ಅಕ್ಷರದಲ್ಲಿ ಹೀಗಿದೆ: ‘ಕಾಲೇಜಿನ ಬೋರ್ಡು ಕಪ್ಪಲ್ಲ, ಹಸಿರು. ಹದಿಮೂರು ವರ್ಷ ಅದರ ಮೇಲೆ ಬರೆದರೂ ಇವತ್ತು ಗೊತ್ತಾಯಿತು.’ ನನ್ನ ನೆನಪನ್ನು ನಾನು ನಂಬದಿರುವುದಕ್ಕೆ ಇದೇ ಕಾರಣ. ಅದು ನನಗೆ ಬೇಕಾದ ಬಣ್ಣ ಬಳಿದುಕೊಂಡು ಬಂದು ನಿಲ್ಲುತ್ತದೆ. ಆದ್ದರಿಂದ ಮುಂದಿನದನ್ನು ದಿನಚರಿಯನ್ನು ಪಕ್ಕದಲ್ಲಿ ಇಟ್ಟುಕೊಂಡೇ ಬರೆಯುತ್ತಿದ್ದೇನೆ.

ಶಿಕಾರಿಪುರದಲ್ಲಿ ನಾನು ಇತಿಹಾಸದ ಮೇಷ್ಟ್ರು. ಹೆಂಡತಿ ಗಿರಿಜೆಯ ತವರು ಸೊರಬ. ಅಲ್ಲಿರುವ ನಮ್ಮ ಅತ್ತೆಗೂ ಕ್ಯಾಮೆರಾಕ್ಕೂ ನಮ್ಮ ಮದುವೆಯ ದಿನದಿಂದ ಮಾತಿರಲಿಲ್ಲ. ಆವತ್ತು ಫೋಟೋದವನು ಅವರನ್ನು ಹಿಡಿದ ಗಳಿಗೆಯಲ್ಲಿ ಅವರ ಕಣ್ಣು ಮುಚ್ಚಿತ್ತು, ಬಾಯಿ ತೆರೆದಿತ್ತು, ಬಲಗೈ ಅಡುಗೆಯವನ ಕಡೆ ಚಾಚಿತ್ತು. ಆಲ್ಬಮ್ ತೆರೆದಾಗಲೆಲ್ಲ ನೆಂಟರು ಬಿದ್ದು ಬಿದ್ದು ನಗುತ್ತಿದ್ದರು. ಒಂದು ದಿನ ಅತ್ತೆ ಕತ್ತರಿ ತೆಗೆದುಕೊಂಡು ತಮ್ಮನ್ನು ತಾವೇ ಆ ಫೋಟೋದಿಂದ ಬಿಡಿಸಿಕೊಂಡರು. ಈಗಲೂ ಅದರಲ್ಲಿ ನನ್ನ ಎಡಗಡೆ ಅಚ್ಚುಕಟ್ಟಾದ ಒಂದು ಕಿಂಡಿ ಇದೆ. ಆಮೇಲೆ ಹದಿನಾಲ್ಕು ವರ್ಷ ಯಾರ ಕ್ಯಾಮೆರಾ ಕಂಡರೂ ಅವರು ಎದ್ದು ಒಳಗೆ ಹೋಗುತ್ತಿದ್ದರು.

ಅಂಥವರು ಒಂದು ಬೆಳಿಗ್ಗೆ ಒಪ್ಪಿದರು. ಸೊರಬದ ಕಡೆಯ ಕುಬಟೂರಿಗೆ ಹೋಗಿ ದೇವಸ್ಥಾನದ ಕಲ್ಲುಗಳ ಕಪ್ಪು-ಬಿಳುಪು ಫೋಟೋ ತೆಗೆದುಕೊಂಡು ಅತ್ತೆಯ ಮನೆಗೆ ಬಂದಿದ್ದೆ. ರೀಲಿನಲ್ಲಿ ಇನ್ನೂ ಒಂದೆರಡು ಉಳಿದಿದ್ದವು. ಅತ್ತೆ ಜಗಲಿಯಲ್ಲಿ ಕುಳಿತು ಅಕ್ಕಿ ಕೇರುತ್ತಿದ್ದರು. ಮೊರದಿಂದ ಎದ್ದ ಧೂಳಿನಲ್ಲಿ ಬಿಸಿಲು ನಿಂತಿತ್ತು. ‘ಅತ್ತೆ, ಒಂದೇ ಒಂದು’ ಎಂದೆ. ಅವರು ಮೊರ ನಿಲ್ಲಿಸಲಿಲ್ಲ.

“ಒಂದೇ ಮತ್ತೆ. ಚೆಂದ ಬಂದ್ರೆ ಗೋಡೆಗೆ ಹಾಕನ. ಬರ್ಲಿಲ್ಲ ಅಂದ್ರೆ ಇನ್ನೆಂದೂ ಆ ಡಬ್ಬಿನ ನನ್ನ ಮುಂದೆ ಹಿಡೀಬಾರ್ದು ನೋಡ್ರಿ, ಅಳಿಯಂದ್ರೇ.”

ಫೋಟೋ ಚೆನ್ನಾಗಿ ಬಂತು. ಶಿವಮೊಗ್ಗದಲ್ಲಿ ತೊಳೆಸಿದ ಅಂಗೈಯಗಲದ ಆ ಪ್ರತಿಯನ್ನು ಅಲ್ಲಿಯವರೇ ದೊಡ್ಡದು ಮಾಡಿಕೊಡುತ್ತಿದ್ದರು. ಕೊಟ್ಟು ಬಂದಿದ್ದರೆ ಈ ಪ್ರಬಂಧ ಇಲ್ಲಿಗೆ ಮುಗಿಯುತ್ತಿತ್ತು. ಆದರೆ ಯಾರೋ ಕೊಟ್ಟ ಒಂದು ವಿದೇಶಿ ಪತ್ರಿಕೆಯನ್ನು ನಾನು ಆಗಷ್ಟೇ ಓದಿದ್ದೆ. ಕಲಾತ್ಮಕ ಕಪ್ಪು-ಬಿಳುಪು ಫೋಟೋಗಳನ್ನು ಈಗ ಕಂಪ್ಯೂಟರಿನ ಪ್ರಿಂಟರಿನಲ್ಲೇ ಮಾಡಬಹುದು, ಎಲ್ಲ ಇರುವುದು ಇಂಕಿನ ಆಯ್ಕೆಯಲ್ಲಿ ಎಂದು ಅದರಲ್ಲಿತ್ತು. ನಮ್ಮೂರಿನ ಬಸ್ ಸ್ಟ್ಯಾಂಡಿನ ಹತ್ತಿರ ರಫೀಕ್ ಸಾಹೇಬರು ಹೊಸದಾಗಿ ಡಿ.ಟಿ.ಪಿ. ಅಂಗಡಿ ತೆರೆದಿದ್ದರು. ಅದಕ್ಕೆ ಮೊದಲು ಇಪ್ಪತ್ತು ವರ್ಷ ಬೋರ್ಡು ಬರೆದ ಕೈ ಅವರದು. ಫೋಟೋ ತೆಗೆದುಕೊಂಡು ನೆಟ್ಟಗೆ ಅಲ್ಲಿಗೆ ಹೋದೆ.

ಸ್ಕ್ಯಾನ್ ಮಾಡಿ ತೆಗೆದ ಮೊದಲನೆಯ ಪ್ರತಿಯಲ್ಲಿ ಅತ್ತೆ ಹಸಿರಾಗಿ ಬಂದರು. ಪ್ರಿಂಟರು ಮೂರು ಬಣ್ಣ ಕಲಸಿ ಕಪ್ಪು ಮಾಡಲು ನೋಡಿ ಸೋತಿತ್ತು. “ಬಾವಿಯಿಂದ ಎದ್ದು ಬಂದಂಗೆ ಅದಾರಲ್ಲ ಸರ್” ಎಂದರು ರಫೀಕ್. ಬಣ್ಣಗಳೇ ಬೇಡ, ಬರೀ ಕಪ್ಪಿನಲ್ಲಿ ಮಾಡೋಣ ಎಂದೆ. ಕೆನ್ನೆಯ ತುಂಬ ಚುಕ್ಕೆ ಬಿದ್ದು ಅತ್ತೆಗೆ ದಡಾರ ಎದ್ದಂತಾಯಿತು. ಹುಬ್ಬಳ್ಳಿಯಿಂದ ತರಿಸಿದ ಬಾಟಲಿ ಇಂಕು ತುಂಬಿ ನೋಡಿದೆವು. ಈ ಸಲ ಒಂದು ಥರ ಕೆಂಪು, ಕಾಯಿಸಿದ ಬೆಲ್ಲದ ಬಣ್ಣ. ರಫೀಕ್ ಅದನ್ನು ಬೆಳಕಿಗೆ ಹಿಡಿದು, “ಇದು ಚಲೋ ಐತಿ ಸರ್. ಬೋರ್ಡು ಬರೀವಾಗ ಕಪ್ಪಿಗೆ ನಾವು ಒಂದು ಚೂರು ಕೆಂಪು ಹಾಕ್ತಿದ್ವಿ. ಬರೀ ಕಪ್ಪು ಸತ್ತಂಗಿರ್ತೈತಿ” ಎಂದರು. ನಾನು ವಿದ್ಯಾವಂತನಾದ್ದರಿಂದ ಒಪ್ಪಲಿಲ್ಲ.

ಪತ್ರಿಕೆಯಲ್ಲಿ ಒಂದು ಗುಟ್ಟು ಇತ್ತು. ಬಣ್ಣದ ಇಂಕಿನ ಡಬ್ಬಿಯ ಮೂರೂ ಮನೆಗಳಲ್ಲಿ ಬಣ್ಣದ ಬದಲು ಕಪ್ಪನ್ನೇ ತುಂಬಬೇಕು. ಒಂದರಲ್ಲಿ ಗಟ್ಟಿ, ಒಂದರಲ್ಲಿ ತೆಳು, ಇನ್ನೊಂದರಲ್ಲಿ ಇನ್ನೂ ತೆಳು. ಯಂತ್ರ ಬಣ್ಣ ಹಾಕುತ್ತಿದ್ದೇನೆ ಎಂದುಕೊಂಡು ಬೂದು ಹಾಕುತ್ತಾ ಹೋಗುತ್ತದೆ. ತೆಳು ಮಾಡಲು ಬ್ಯಾಟರಿ ಅಂಗಡಿಯಿಂದ ಡಿಸ್ಟಿಲ್ಡ್ ವಾಟರ್ ತಂದೆ. ತುಂಬಲು ಸಿರಿಂಜು ಬೇಕಾಗಿ ಮೆಡಿಕಲ್ ಶಾಪಿಗೆ ಹೋದರೆ ಅವರು ಕಳವಳದಿಂದ, “ಯಾರಿಗ್ರೀ ಮೇಷ್ಟ್ರೇ, ಮನ್ಯಾಗೆ ಹುಷಾರಿಲ್ಲೇನು?” ಎಂದರು. “ಪ್ರಿಂಟರಿಗೆ” ಎಂದೆ. ಅವರು ನನ್ನನ್ನೇ ಒಂದು ಕ್ಷಣ ನೋಡಿ, ಒಂದರ ಬದಲು ಎರಡು ಕೊಟ್ಟರು. ಇಂಕು ಬೆರೆಸುವ ಕೆಲಸದಲ್ಲಿ ನಾನು ಬಹಳ ತಾಳ್ಮೆಯಿಂದಿದ್ದೆ ಎಂದು ನೆನಪು. ದಿನಚರಿಯಲ್ಲಿ ಇರುವುದು: ‘ಗಿರಿಜೆಯೊಂದಿಗೆ ಜಗಳ. ಕಾರಣ: ಹಾಲಿನ ಲೋಟದಲ್ಲಿ ಇಂಕು.’

ನಾಲ್ಕು ಸಲ ಬೆರೆಸಿ, ಐದನೆಯ ಸಲಕ್ಕೆ ಗೆದ್ದೆ. ಪ್ರಿಂಟರಿನಿಂದ ಅತ್ತೆ ಅಂಗುಲ ಅಂಗುಲವಾಗಿ ಇಳಿದು ಬಂದರು. ಹಸಿರಿಲ್ಲ, ಕೆಂಪಿಲ್ಲ, ಚುಕ್ಕೆಯಿಲ್ಲ. ಮೊರದಲ್ಲಿ ಅಕ್ಕಿಯ ಕಾಳು ಎಣಿಸಬಹುದಿತ್ತು. ತೆಗೆದುಕೊಂಡು ಬಂದು ಹಾಸಿಗೆಯ ಮೇಲೆ ಹರವಿ ಬಹಳ ಹೊತ್ತು ನೋಡಿದೆ. ದಿನಚರಿಯಲ್ಲಿ ಬರೆದೆ: ‘ಇದು ನೂರು ವರ್ಷ ಬಾಳುವ ಕಪ್ಪು.’

ಆ ಸಂಭ್ರಮದಲ್ಲಿ ಬೂದು ತುಂಬಿದ ಡಬ್ಬಿಯನ್ನು ಪ್ರಿಂಟರಿನಿಂದ ತೆಗೆಯುವುದು ಮರೆತುಹೋಯಿತು. ಮಾರನೆಯ ದಿನ ನಾನು ಚೌಕಟ್ಟು ಹಾಕಿಸಿದ ಫೋಟೋವನ್ನು ತೋರಿಸಲು ಅಂಗಡಿಗೆ ಹೋದಾಗ ಗೊಬ್ಬರದ ಅಂಗಡಿಯ ಚನ್ನಬಸಪ್ಪನವರು ಅಲ್ಲಿ ನಿಂತಿದ್ದರು. ಅವರ ಹೊಸ ಮನೆಯ ಗೃಹಪ್ರವೇಶದ ನಲವತ್ತು ಕಾರ್ಡುಗಳು ಮೇಜಿನ ಮೇಲಿದ್ದವು. ಬೂದು ಗಣಪತಿ, ಬೂದು ತೋರಣ, ಬೂದು ಕಳಶ. ನಮ್ಮ ಕಡೆ ಶುಭಕಾರ್ಯದ ಕಾಗದದಲ್ಲಿ ಕೆಂಪು, ಹಳದಿ ಇರಲೇಬೇಕು. ಬರೀ ಕಪ್ಪಿನಲ್ಲಿ ಬರುವುದು ಒಂದೇ ಸುದ್ದಿ. ಅಂಥ ಕಾಗದವನ್ನು ಓದಿದ ಕೂಡಲೇ ಮನೆಯ ಹೊರಗೇ ಹರಿದು ಹಾಕುತ್ತಾರೆ.

“ಏನ್ರೀ ಸಾಬ್ರೆ,” ಎಂದರು ಚನ್ನಬಸಪ್ಪನವರು, “ನಾನು ಮಂದಿನ ಕರೀತಿರೋದು ಮನಿ ಒಳಗೆ ಹೋಗಾಕೋ, ನನ್ನನ್ನ ಮನಿಯಿಂದ ಎತ್ತಾಕೋ?”

ರಫೀಕ್ ಸಾಹೇಬರು ಸಭ್ಯಸ್ಥರು. ನನ್ನ ಹೆಸರು ಹೇಳಲಿಲ್ಲ. ಸುಮ್ಮನೆ ನನ್ನ ಕಡೆ ನೋಡಿದರು, ಅಷ್ಟೆ. ಹೊಸದಾಗಿ ಮುದ್ರಿಸಲು ಬಣ್ಣದ ಡಬ್ಬಿ ಶಿವಮೊಗ್ಗದಿಂದ ಬರಬೇಕು, ಕಾರ್ಡು ಅವತ್ತೇ ಹೋಗಬೇಕು. ಕೊನೆಗೆ ನಾನು ಆ ನಲವತ್ತನ್ನೂ ಮನೆಗೆ ತಂದು, ನೆಲದ ಮೇಲೆ ಕುಳಿತು, ನಾಲ್ಕೂ ಮೂಲೆಗೆ ಅರಿಶಿನ, ಗಣಪತಿಯ ಹಣೆಗೆ ಕುಂಕುಮ ಹಚ್ಚತೊಡಗಿದೆ. ಗಿರಿಜೆ ಕುಂಕುಮದ ಭರಣಿ ತಂದಿಟ್ಟಳು. ಹಚ್ಚಿದ ಮೇಲೆ ಕಾರ್ಡುಗಳಿಗೆ ಜೀವ ಬಂದದ್ದು ನಿಜ. ಅವಳು ಒಂದು ಕಾರ್ಡು ನೋಡಿದಳು, ಗೋಡೆಗೆ ಒರಗಿಸಿದ್ದ ತಾಯಿಯ ಫೋಟೋ ನೋಡಿದಳು.

“ರೀ, ಹಂಗೇ ಅಮ್ಮನ ಫೋಟೋದ ಹಣೆಗೂ ಒಂದು ಬೊಟ್ಟು ಇಟ್ಬಿಡ್ರಿ. ಹಾರ ಆಮೇಲೆ ತಂದ್ರಾಯ್ತು.”

ಐದು ಸಲ ಇಂಕು ಬೆರೆಸಿದ ನನಗೆ ಅಲ್ಲಿಯವರೆಗೂ ಕಾಣದಿದ್ದದ್ದು ಈಗ ಕಂಡಿತು. ಶುದ್ಧ ಕಪ್ಪು, ದಪ್ಪ ಚೌಕಟ್ಟು, ಗಾಜು. ನಮ್ಮ ಮನೆಗಳ ನಡುಮನೆಯಲ್ಲಿ ಹೀಗೆ ತೂಗುವವರು ಯಾರೂ ಅಕ್ಕಿ ಕೇರುವ ಸ್ಥಿತಿಯಲ್ಲಿರುವುದಿಲ್ಲ. ಹದಿನಾಲ್ಕು ವರ್ಷಕ್ಕೆ ಸಿಕ್ಕ ಒಂದೇ ಅವಕಾಶದಲ್ಲಿ ನಾನು ಅತ್ತೆಯನ್ನು ಬಹಳ ಕಲಾತ್ಮಕವಾಗಿ ಮುಗಿಸಿದ್ದೆ.

ಭಾನುವಾರ ಗಿರಿಜೆಯ ಜೊತೆ ಸೊರಬದ ಬಸ್ಸಿನಲ್ಲಿ ಫೋಟೋವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತೆ. ಬಸ್ಸು ಕೆಟ್ಟು ನಿಂತರೆ ಚೆನ್ನ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಹತ್ತು ನಿಮಿಷ ಮೊದಲೇ ತಲುಪಿತು. ಅತ್ತೆ ಕೈ ತೊಳೆದು, ಸೆರಗಿನಲ್ಲಿ ಒರೆಸಿಕೊಂಡು, ಫೋಟೋ ತೆಗೆದುಕೊಂಡರು. ಬಹಳ ಹೊತ್ತು ನೋಡಿದರು.

“ಕಣ್ಣು ಬಿಟ್ಟೀನಿ,” ಎಂದರು ಮೊದಲು. ಆಮೇಲೆ, “ಬಾಯಿ ಮುಚ್ಚೀನಿ. ಚೆಂದಾಗೇ ಇದೀನಲ್ಲೇ ಗಿರಿಜಾ!”

ನಾನು ಉಸಿರು ಬಿಡುವಷ್ಟರಲ್ಲಿ ಅವರು ತಲೆಯೆತ್ತಿ ಗೋಡೆಯ ಕಡೆ ನೋಡಿದರು. ಅಲ್ಲಿ ಅವರ ಅತ್ತೆ-ಮಾವ ಹಾರ ಹಾಕಿಕೊಂಡು, ಇಷ್ಟೇ ಕಪ್ಪಾಗಿ, ಇಷ್ಟೇ ಗಂಭೀರವಾಗಿ ತೂಗುತ್ತಿದ್ದರು. ಪಕ್ಕದಲ್ಲಿ ಒಂದು ಮೊಳೆ ಖಾಲಿಯಿತ್ತು.

“ಅಲ್ಲಿಗೆ ಹಾಕಿದ್ರೆ ನಮ್ಮತ್ತೆ, ಯಾಕಿಷ್ಟು ತಡ ಮಾಡಿದ್ಯೇ, ಬಾ ಕೂತ್ಕ ಅಂತಾರೆ ಅಳಿಯಂದ್ರೇ.”

ಅಷ್ಟರಲ್ಲಿ ಗಿರಿಜೆ ತನ್ನ ಚೀಲದಿಂದ ಒಂದು ಸುರುಳಿ ತೆಗೆದು ಬಿಚ್ಚಿದಳು. ನಾನು ಮನೆಗೆ ತಂದು ಕಸದ ಬುಟ್ಟಿಗೆ ಹಾಕಿದ್ದ ಬೆಲ್ಲದ ಬಣ್ಣದ ಪ್ರತಿ. ಯಾವಾಗ ಎತ್ತಿಟ್ಟುಕೊಂಡಿದ್ದಳೋ! ಅತ್ತೆ ಎರಡನ್ನೂ ಜೋಡಿಸಿ ಇಟ್ಟುಕೊಂಡು, ಸಂತೆಯಲ್ಲಿ ಸೀರೆ ನೋಡುವವರಂತೆ ಒಮ್ಮೆ ಅದನ್ನು ಒಮ್ಮೆ ಇದನ್ನು ನೋಡಿ, ತೀರ್ಪು ಕೊಟ್ಟರು.

“ಇದ್ರಲ್ಲಿ ಮೈಯಾಗೆ ರಕ್ತ ಐತಿ. ಇದು ಈಗಿಂದು. ಅದು ಆಮೇಲಿಂದು. ಎರಡೂ ಇರ್ಲಿ.”

ಬೆಲ್ಲದ ಬಣ್ಣದ್ದನ್ನು ಕ್ಯಾಲೆಂಡರಿನ ಪಕ್ಕ ಅಂಟಿಸಿದರು. ನೂರು ವರ್ಷದ ಕಪ್ಪನ್ನು ಹಳೆಯ ರೇಷ್ಮೆ ಸೀರೆಯಲ್ಲಿ ಸುತ್ತಿ ಟ್ರಂಕಿಗೆ ಹಾಕಿ, “ಆಮೇಲೆ ಮನೆಯೆಲ್ಲ ಹುಡುಕಬ್ಯಾಡ್ರಿ, ತಳದಾಗೇ ಐತಿ” ಎಂದು ಜಾಗ ತೋರಿಸಿದರು. ನಂತರ ಹೊಸ ಸೀರೆ ಉಟ್ಟುಕೊಂಡು ಬಂದು, “ಇನ್ನೊಂದು ತೆಗೀರಿ, ಆ ಕೆಂಪು ಇಂಕಿಂದೇ” ಎಂದು ಜಗಲಿಯಲ್ಲಿ ಕುಳಿತರು. ನನ್ನ ಚೀಲದಲ್ಲಿದ್ದ ಕ್ಯಾಮೆರಾದ ರೀಲು ಪೂರ್ತಿ ಅವರಿಗೇ ಮುಗಿಯಿತು. ಈ ಗೆಲುವನ್ನು ರಫೀಕ್ ಸಾಹೇಬರಿಗೆ ಹೇಳಿದಾಗ ಅವರು, “ಒಂದು ಚೂರು ಕೆಂಪು ಸರ್, ಒಂದೇ ಚೂರು” ಎಂದರು.

ಮರುವರ್ಷ ಮಳೆ ಮುಗಿದು ಬಟ್ಟೆ ಬಿಸಿಲಿಗೆ ಹಾಕುವಾಗ ಟ್ರಂಕು ತೆಗೆದರು. ನಾನೂ ಅಲ್ಲೇ ಇದ್ದೆ. ಥಂಡಿಗೆ ನನ್ನ ಕಪ್ಪು ಊದಿಕೊಂಡು, ಮಸುಕಾಗಿ, ಅಕ್ಕಿಯೆಲ್ಲ ಗಂಜಿಯಾಗಿತ್ತು. ಮೊರದ ಹಿಂದೆ ಯಾರು ಕುಳಿತಿದ್ದಾರೆ ಎಂದು ಹೇಳಿಯೇ ತಿಳಿಯಬೇಕಿತ್ತು. ಅತ್ತೆ ಅದನ್ನು ಬಿಸಿಲಿಗೆ ಹಿಡಿದು ನೋಡಿ, ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು.

“ನಿಮ್ಮ ಫೋಟೋ ನನಗಿಂತ ಮೊದ್ಲೇ ಹೊರಟೈತಲ್ಲ! ಇನ್ನೊಂದು ಮಾಡಿಸ್ಕೊಂಡು ಬರ್ರಿ. ಅವಸರ ಏನಿಲ್ಲ.”

ಅವರ ಜೊತೆ ನಾನೂ ಮನಸಾರೆ ನಕ್ಕೆ ಎಂದು ನನ್ನ ನೆನಪು ಹೇಳುತ್ತದೆ. ಅದನ್ನು ನಂಬದೆ ದಿನಚರಿ ತೆಗೆದೆ. ಅದರಲ್ಲಿರುವುದು ಇಷ್ಟು: ‘ಅತ್ತೆ ಗಟ್ಟಿಮುಟ್ಟಾಗಿದ್ದಾರೆ. ಫೋಟೋ ಹೋಯಿತು. ಬೇಸರದಲ್ಲಿ ಮಧ್ಯಾಹ್ನ ಊಟ ಸೇರಲಿಲ್ಲ.’ ನೆನಪಿನ ಮಾತು ಹೇಗಾದರೂ ಇರಲಿ, ಬರೆದಿಟ್ಟದ್ದು ಸುಳ್ಳು ಹೇಳುವುದಿಲ್ಲವಲ್ಲ ಎಂದು ಸಮಾಧಾನ ಪಟ್ಟುಕೊಳ್ಳುತ್ತಿದ್ದೆ. ಚಹಾ ಇಡಲು ಬಂದ ಗಿರಿಜೆ ನನ್ನ ಹೆಗಲ ಮೇಲಿಂದ ಬಗ್ಗಿ ಆ ಸಾಲನ್ನು ಓದಿದಳು.

“ಊಟ ಸೇರ್ಲಿಲ್ವಾ? ಅವತ್ತು ನಾಲ್ಕು ಹೋಳಿಗೆ ತಿಂದ್ರಲ್ರೀ.”