ನನ್ನ ಚುಕ್ಕಿಯ ಬೆನ್ನು ಹತ್ತಿದ ಯುಗಾದಿ ಊಟ

ಕೋಲ್ಕತ್ತೆಯ ನಮ್ಮ ಕನ್ನಡ ಬಳಗದಲ್ಲಿ ಒಂದು ಘನಗಂಭೀರ ಪ್ರಶ್ನೆ ಎದ್ದಿತ್ತು. ಫೋನಿನೊಳಗೆ ದಿನಕ್ಕೊಂದು ಹೊಸ ಸೌಲಭ್ಯ ಬರುತ್ತಿದೆಯಲ್ಲ, ಇವು ನಿಜಕ್ಕೂ ಉಪಯೋಗದವೋ ಅಥವಾ ನಾಲ್ಕು ದಿನದ ಶೋಕಿಯೋ? ರೈಲ್ವೆಯಿಂದ ನಿವೃತ್ತರಾದ ನಮ್ಮ ಅಧ್ಯಕ್ಷ ರಾಯರು ಶೋಕಿಯೇ ಎಂದರು. ಪ್ರತಿ ಯುಗಾದಿಗೂ ಮನೆಮನೆಗೆ ಫೋನ್ ಮಾಡಿ, ಮೊಮ್ಮಕ್ಕಳ ಶೀತ ನೆಗಡಿಯನ್ನೂ ವಿಚಾರಿಸಿ, ಊಟದ ಜಾಗ ಹೇಳುವುದು ಅವರ ಪದ್ಧತಿ. ಕಾರ್ಯದರ್ಶಿಯಾದ ನಾನೋ ಬ್ಯಾಂಕಿನವನು, ಕಂಪ್ಯೂಟರ್ ಕಂಡವನು.

"ಈ ಸಲ ಯಾರಿಗೂ ಫೋನ್ ಮಾಡುವುದು ಬೇಡ. ಎಲ್ಲ ನನಗೆ ಬಿಡಿ" ಎಂದೆ. ಸಭೆ ಆ ಕ್ಷಣವೇ 'ನೂತನ ಸೌಲಭ್ಯಗಳ ಪರಿಶೀಲನಾ ಉಪಸಮಿತಿ'ಯನ್ನು ರಚಿಸಿತು. ಅದರ ಅಧ್ಯಕ್ಷ ನಾನು. ಸದಸ್ಯನೂ ನಾನೇ.

ಹೆಂಡತಿ ಸುಮತಿಗೆ ಇದು ಹಿಡಿಸಲಿಲ್ಲ. ಈ ವರ್ಷದ ಊಟದ ಉಸ್ತುವಾರಿ ಅವಳದು. ವರ್ಷಾ ವರ್ಷಾ ಬಿಸಿಬೇಳೆಬಾತ್ ಆಳುತ್ತಿದ್ದ ಎಲೆಯ ಮೇಲೆ ಮೊದಲ ಬಾರಿಗೆ ನಮ್ಮ ಉಡುಪಿ ಕಡೆಯ ಸೌತೆಕಾಯಿ ಹುಳಿ, ಗುಜ್ಜೆ ಪಲ್ಯ ಬರುವುದಿತ್ತು. ಗುಜ್ಜೆಗೆ, ಅಂದರೆ ಎಳೆ ಹಲಸಿಗೆ, ಇಲ್ಲಿ ಎಂಚೋಡ್ ಎನ್ನುತ್ತಾರೆ. ಅದಕ್ಕಾಗಿ ಅವಳು ಮೂರು ಮಾರ್ಕೆಟ್ ಸುತ್ತಿದ್ದಳು.

"ಸುಮ್ಮನೆ ವಿಳಾಸ ಬರೆದು ಹಾಕಿ ಮಾರಾಯ್ರೆ. ಹೊಸ ಹಾಲ್, ಯಾರಿಗೂ ಗೊತ್ತಿಲ್ಲ. ಜನ ಬಾರದಿದ್ರೆ ನನ್ನ ಅಡಿಗೆಯ ಗತಿ ಎಂತ?"

"ವಿಳಾಸ ಬರೆಯುವ ಕಾಲ ಹೋಯಿತು" ಎಂದೆ.

ಯುಗಾದಿಯ ಬೆಳಿಗ್ಗೆ ಸಾಲ್ಟ್ ಲೇಕಿನ ಹಾಲ್‌ನಲ್ಲಿ ನಿಂತು, ಫೋನಿನ ಒಂದು ಗುಂಡಿ ಒತ್ತಿ, ಬಳಗದ ಗುಂಪಿಗೆ ನಕ್ಷೆ ಕಳಿಸಿದೆ. 'ಚುಕ್ಕಿ ಇರುವಲ್ಲಿ ಊಟ. ಚುಕ್ಕಿಯನ್ನು ನಂಬಿ ಬನ್ನಿ' ಎಂದೂ ಬರೆದೆ. ನಕ್ಷೆಯಲ್ಲಿ ಹಾಲ್ ಇದ್ದ ಜಾಗದ ಮೇಲೆ, ಚುಕ್ಕಿಯೊಳಗೆ, ನನ್ನ ಫೋಟೊ ಗುಂಡಗೆ ಕೂತಿತ್ತು. ಕಾರ್ಯದರ್ಶಿಗೆ ಸಲ್ಲಿಸಿದ ಗೌರವ ಎಂದುಕೊಂಡೆ!

ಅಷ್ಟರಲ್ಲಿ ಒಂದು ತೊಂದರೆ. ಊರಿನ ಇನ್ನೊಂದು ತುದಿಯಲ್ಲಿ, ಟಾಲಿಗಂಜಿನ ಕುಲಕರ್ಣಿ ಕಾಕು ನಮ್ಮ ಊಟಕ್ಕೆಂದು ಮನೆಯಲ್ಲಿ ಹೋಳಿಗೆ ಮಾಡಿಟ್ಟಿದ್ದರು. ತರಬೇಕಾದವರ ಕಾರು ಕೆಟ್ಟು ನಿಂತಿತು. "ನಾನೇ ತರುತ್ತೇನೆ" ಎಂದು ಮೆಟ್ರೋ ಹತ್ತಿದೆ. ಎಸ್ಪ್ಲನೇಡಿನಲ್ಲಿ ಗಾಡಿ ಬದಲಿಸಿ, ಸೀಟು ಸಿಕ್ಕಿ, ಸುಖವಾಗಿ ತೂಕಡಿಸಿದೆ. ನೆಲದಡಿಯಲ್ಲಿ ಸಿಗ್ನಲ್ ಇರಲಿಲ್ಲ. ಇದ್ದಿದ್ದರೆ ಸುಮತಿಯ ಫೋನು ಬರುತ್ತಿತ್ತು, ಈ ಲೇಖನವೂ ಇರುತ್ತಿರಲಿಲ್ಲ.

ಟಾಲಿಗಂಜಿನಲ್ಲಿ ಇಳಿದು, ಫೋನು ಬಂದರೂ ಕೇಳಿಸದ ಬೀದಿ ಗದ್ದಲದಲ್ಲಿ ಗಲ್ಲಿ ತಪ್ಪಿ ಅರ್ಧ ಗಂಟೆ ಅಲೆದು, ಕಾಕು ಮನೆಯ ಗಂಟೆ ಒತ್ತಿದೆ. ಬಾಗಿಲು ತೆರೆದ ಕಾಕು ನನ್ನ ಬೆನ್ನ ಹಿಂದೆ ನೋಡುತ್ತ ನಿಂತರು.

"ಎರಡು ಡಬ್ಬಿ ಹೊರಾಕ ಇಷ್ಟು ಮಂದೀನ ಕರಕೊಂಡು ಬಂದೀರೇನ್ರಿ?"

ತಿರುಗಿ ನೋಡಿದೆ. ಮೆಟ್ಟಿಲ ತುಂಬ ಕನ್ನಡ ಬಳಗ! ರೇಷ್ಮೆ ಸೀರೆಗಳು, ಜರಿ ಪಂಚೆಗಳು, ಬೆವರು. ಎಲ್ಲರ ಕೈಯಲ್ಲೂ ಫೋನು, ಫೋನಿನೊಳಗೆ ನನ್ನ ಮುಖ. ಮುಂದೆ ರಾಯರು.

"ಏನ್ರೀ ಇದು? ಸಾಲ್ಟ್ ಲೇಕಿಗೆ ಹೊರಟ್ವಿ, ನೀವು ಎಸ್ಪ್ಲನೇಡಿಗೆ ಬಂದ್ರಿ. ಅಲ್ಲಿಗೆ ಬಂದ್ವಿ, ಮಾಯ ಆಗ್ಬಿಟ್ರಿ. ಅರ್ಧ ಗಂಟೆ ಬಸ್ ಸ್ಟ್ಯಾಂಡಲ್ಲಿ ಹುಡುಕಿದ್ವಿ. ಆಮೇಲೆ ಇಲ್ಲಿ ಪ್ರತ್ಯಕ್ಷ ಆದ್ರಿ, ಟ್ಯಾಕ್ಸಿ ಹಿಡಿದ್ವಿ. ಊಟ ಎಲ್ಲಿ ಸ್ವಾಮಿ?"

ಆಗ ನನಗೆ ಜ್ಞಾನೋದಯವಾಯಿತು. ನಾನು ಕಳಿಸಿದ್ದು ಹಾಲ್‌ನ ಜಾಗವನ್ನಲ್ಲ, ನನ್ನನ್ನೇ. ನಾನು ಹೋದಲ್ಲೆಲ್ಲ ಚುಕ್ಕಿ, ಚುಕ್ಕಿಯ ಜೊತೆಗೆ ಊಟದ ಜಾಗವೂ ಬಂದಿತ್ತು. ಅತ್ತ ಖಾಲಿ ಹಾಲ್‌ನಲ್ಲಿ, ಅಷ್ಟೂ ಅಡಿಗೆಯ ಮುಂದೆ ಸುಮತಿ ಒಬ್ಬಳೇ ಕೂತಿದ್ದಾಳೆ ಎಂದು ನೆನಪಾಯಿತು. ತಕ್ಷಣ ಫೋನ್ ಮಾಡಿದೆ.

"ಇಲ್ಲಿ ಒಂದು ನರಪಿಳ್ಳೆ ಇಲ್ಲ ಮಾರಾಯ್ರೆ" ಎಂದಳು. ಅಳುತ್ತಾಳೆ ಎಂದುಕೊಂಡೆ. ಅವಳು ವಿಷಯ ಕೇಳಿ, "ನೀವು ಅಲ್ಲೇ ಇರಿ. ದಮ್ಮಯ್ಯ, ಅಲುಗಾಡಬೇಡಿ" ಎಂದು ಫೋನ್ ಇಟ್ಟಳು.

ನಾನು ಅಲುಗಾಡಲಿಲ್ಲ. ಕಾಕು ಕೊಟ್ಟ ನೀರನ್ನೂ ನಿಂತಲ್ಲೇ ಕುಡಿದೆ. ಹಸಿದವರೆಲ್ಲ ನನ್ನನ್ನೇ ನೋಡುತ್ತಿದ್ದರು. ಒಂದೂವರೆ ಗಂಟೆಯಾದ ಮೇಲೆ ಒಂದು ಸಣ್ಣ ಗೂಡ್ಸ್ ಗಾಡಿ ಬಂತು. ಡ್ರೈವರ್ ಪಕ್ಕದಲ್ಲಿ ಫೋನಿನೊಳಗಿನ ನನ್ನ ಚುಕ್ಕಿಯ ಮೇಲೆ ಕಣ್ಣಿಟ್ಟ ಸುಮತಿ, ಹಿಂದೆ ಪಾತ್ರೆಗಳು, ಬಾಳೆ ಎಲೆ, ಎಲ್ಲ.

ಕಾಕು ಅವರ ಕಟ್ಟಡದ ಕಾರ್ ನಿಲ್ಲಿಸುವ ಜಾಗದಲ್ಲೇ ಪಂಕ್ತಿ ಕೂತಿತು. ಅಷ್ಟು ಸುತ್ತಾಡಿದ ಹಸಿವಿಗೆ ಹುಳಿ ಅಮೃತವಾಗಿತ್ತು. ಎಂಚೋಡಿನ ಪರಿಮಳಕ್ಕೆ ಮೇಲಿನ ಮಹಡಿಯ ಬೆಂಗಾಲಿಗಳೂ ಇಳಿದು ಬಂದರು. ಬಿಸಿಬೇಳೆಬಾತಿನ ಕಟ್ಟಾ ಅಭಿಮಾನಿ ರಾಯರು ಗುಜ್ಜೆ ಪಲ್ಯವನ್ನು ಮೂರು ಸಲ ಹಾಕಿಸಿಕೊಂಡರು. ಸುಮತಿಯ ಮುಖ ನೋಡಿ ನನಗೂ ಬಹಳ ಸಂತೋಷವಾಯಿತು. ಇಂಥ ಯುಗಾದಿ ಹಿಂದೆ ಆಗಿಯೇ ಇಲ್ಲ ಎಂದು ಎಲ್ಲರೂ ಹೇಳಿದರು.

ಎಲೆ ಎತ್ತುವ ಮೊದಲೇ ರಾಯರು ಎದ್ದು ನಿಂತು ಉಪಸಮಿತಿಯ ತೀರ್ಪನ್ನು ತಾವೇ ಘೋಷಿಸಿದರು.

"ಈ ಚುಕ್ಕಿ ಶೋಕಿ ಅಲ್ಲ. ನಮ್ಮ ಜನ ಹೀಗೆ ಒಟ್ಟಿಗೆ ಒಂದೇ ಕಡೆ ಬಂದು ಸೇರಿದ್ದನ್ನ ನಾನು ಯಾವತ್ತೂ ಕಂಡಿಲ್ಲ. ಇದು ಬಳಗದಲ್ಲಿ ಖಾಯಂ ಇರಲಿ. ಬೇಡವಾದದ್ದು ಕಾರ್ಯದರ್ಶಿ."

ಕೈ ಎತ್ತಿ ಅನುಮೋದಿಸಿದವರಲ್ಲಿ ಮೊದಲನೆಯವಳು ನನ್ನ ಹೆಂಡತಿ.