ಬೀಗರ ಹೊಂಡಕ್ಕೆ ಹೋದ ಶಾರ್ಕು

ಬಸ್ಸು ತಡವಾದರೆ ನಾನು ಏನನ್ನಾದರೂ ಕೊಂಡುಬಿಡುತ್ತೇನೆ. ಕಾಯುವಾಗ ಕೆಲವರಿಗೆ ಕಾಲು ನೋವು ಬರುತ್ತದೆ, ಕೆಲವರಿಗೆ ಸಿಟ್ಟು ಬರುತ್ತದೆ. ನನಗೆ ಕೊಳ್ಳುವ ಹುಕಿ ಬರುತ್ತದೆ. ಮನೆ ಮದ್ದೂರಿನಲ್ಲಿ, ಕಚೇರಿ ಮಂಡ್ಯದಲ್ಲಿ, ಹಾಗಾಗಿ ಕಾಯುವುದು ತಪ್ಪಿದ್ದಲ್ಲ. ಹೀಗೆ ನಿಂತ ನಿಲುವಿನಲ್ಲೇ ನಮ್ಮ ಮನೆ ಸೇರಿದ ಸಾಮಾನುಗಳಲ್ಲಿ ಒಂದು ಹೆಲ್ಮೆಟ್ಟೂ ಇದೆ. ನಮ್ಮಲ್ಲಿ ಸ್ಕೂಟರಿಲ್ಲ. ಹೆಂಡತಿ ಸುಧಾ ಅದರಲ್ಲಿ ಈರುಳ್ಳಿ ಹಾಕಿಟ್ಟಿದ್ದಾಳೆ. ಬಂದವರು ಏನಿದು ಎಂದರೆ ನನ್ನ ಕಡೆ ಕೈ ತೋರಿಸುತ್ತಾಳೆ. ಆದರೂ ಹೆಲ್ಮೆಟ್ಟಿಗೆ ಒಂದು ಒಳ್ಳೆಯ ಗುಣವಿದೆ. ಅದು ಬೆಳೆಯುವುದಿಲ್ಲ. ಈ ಗುಣದ ಬೆಲೆ ನನಗೆ ಮೀನು ತಂದ ಮೇಲೆ ಗೊತ್ತಾಯಿತು.

ಮೀನಿನ ತೊಟ್ಟಿ ಮನೆಗೆ ಬಂದದ್ದು ಡಾಕ್ಟರ ಮಾತು ಕೇಳಿ. ಬಿ.ಪಿ. ಇಳಿಯಬೇಕಾದರೆ ದಿನಾ ಸ್ವಲ್ಪ ಹೊತ್ತು ಮೀನು ನೋಡುತ್ತಾ ಕೂತಿರಿ ಎಂದಿದ್ದರು. ಅವ್ವನಿಗೆ ಈ ಚಿಕಿತ್ಸೆ ಹಿಡಿಸಲಿಲ್ಲ. ನಮ್ಮದು ಮೀನನ್ನು ಸಾರಿನಲ್ಲಿ ನೋಡುವ ಮನೆತನ. ಅಲ್ಲಿಯೂ ಬಹಳ ಹೊತ್ತು ನೋಡುತ್ತಾ ಕೂರುವುದಿಲ್ಲ. "ತಿನ್ನಾಕಿಲ್ಲ, ಮಾರಾಕಿಲ್ಲ, ಸುಮ್ಕೆ ಅದ್ರ ಮಕ ನೋಡ್ಕಂಡು ಕುಂತಿದ್ದೀಯಲ್ಲಾ ಮಗ" ಎಂದು ದಿನಕ್ಕೊಮ್ಮೆಯಾದರೂ ಅನ್ನುತ್ತಿದ್ದಳು. ಆದರೂ ಟಿ.ವಿ. ಪಕ್ಕದ ಗಾಜಿನ ತೊಟ್ಟಿಯಲ್ಲಿ ಬಣ್ಣದ ಬಾಲದ ಪುಟ್ಟ ಗಪ್ಪಿ ಮೀನುಗಳು ತಮ್ಮ ಪಾಡಿಗೆ ಓಡಾಡಿಕೊಂಡಿದ್ದವು. ನನ್ನ ಬಿ.ಪಿ.ಯೂ ಇಳಿಯುವ ಮನಸ್ಸು ಮಾಡಿತ್ತು.

ಅಷ್ಟರಲ್ಲಿ ಒಂದು ಸಂಜೆ ಬಸ್ಸು ಬರಲಿಲ್ಲ. ಗಪ್ಪಿಗಳಿಗೆ ಕಾಳು ತರೋಣವೆಂದು ಮಂಡ್ಯದಲ್ಲಿ ಮೀನಿನ ಅಂಗಡಿಗೆ ನುಗ್ಗಿದೆ. ಅಲ್ಲೊಂದು ಬೆರಳುದ್ದದ ಬೆಳ್ಳಿ ಬಣ್ಣದ ಮೀನು. ಬೆನ್ನ ಮೇಲೆ ನೆಟ್ಟಗೆ ನಿಂತ ರೆಕ್ಕೆ, ಮೂತಿಯ ಬಳಿ ಎಳೆ ಮೀಸೆ. "ಶಾರ್ಕು ಸಾರ್" ಎಂದ ಅಂಗಡಿಯವನು. ನನಗೆ ಆ ಒಂದು ಶಬ್ದ ಸಾಕಾಯಿತು. ಜೀವಮಾನವೆಲ್ಲ ಟಪಾಲು ಶಾಖೆಯಲ್ಲಿ ಕಾಗದಕ್ಕೆ ಸೀಲು ಒತ್ತಿದವನ ಮನೆಯಲ್ಲಿ ಒಂದು ಶಾರ್ಕು ಇದ್ದರೆ ಯಾರಿಗೇನು ನಷ್ಟ? ಮುಂದೆ ದೊಡ್ಡದಾಗುವುದಿಲ್ಲವೇ ಎಂದು ಕೇಳಲು ಮರೆಯಲಿಲ್ಲ. ತೊಟ್ಟಿ ಎಷ್ಟಿರುತ್ತದೋ ಅಷ್ಟಕ್ಕೇ ಬೆಳೆದು ನಿಂತುಬಿಡುತ್ತದೆ ಎಂದ. ಈ ಮಾತು ನನಗೆ ಬಹಳ ನ್ಯಾಯವಾಗಿ ಕಂಡಿತು. ಕೊಟ್ಟ ಕುರ್ಚಿಗೆ ತಕ್ಕಷ್ಟೇ ಬೆಳೆದು ನಿಂತವನು ನಾನು. ಮೀನೂ ಅಷ್ಟು ತಿಳಿವಳಿಕೆ ತೋರಿಸಬಾರದೇಕೆ? ಗಾಳಿ ತುಂಬಿದ ಪ್ಲಾಸ್ಟಿಕ್ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕೂತೆ. ಗೆಜ್ಜಲಗೆರೆ ದಾಟುವಷ್ಟರಲ್ಲಿ ಹಿಂದಿನ ಸೀಟಿನವರಿಗೂ ಅದು ಶಾರ್ಕೆಂದು ತಿಳಿದಿತ್ತು.

ಶಾರ್ಕು ತಿಳಿವಳಿಕೆ ತೋರಿಸಲಿಲ್ಲ. ಮೊದಲು ಗಪ್ಪಿಗಳು ಒಂದೊಂದೇ ಕಾಣೆಯಾದವು. ಹೊರಗೆ ಹಾರಿರಬೇಕೆಂದು ನಾನು ಸೋಫಾ ಕೆಳಗೆಲ್ಲ ಪೊರಕೆ ಆಡಿಸಿದೆ. ಕಡೆಯ ಗಪ್ಪಿಯ ಬಣ್ಣದ ಬಾಲ ನನ್ನ ಶಾರ್ಕಿನ ಬಾಯಿಂದ ಇಣುಕುವುದನ್ನು ಕಂಡ ಮೇಲೆ ಪೊರಕೆ ಒಳಗಿಟ್ಟೆ. ಆಮೇಲೆ ಅದು ಬೆಳೆಯತೊಡಗಿತು. ವರ್ಷ ತುಂಬುವುದರೊಳಗೆ ಮೊಳದುದ್ದವಾಗಿ, ತೊಟ್ಟಿಯಲ್ಲಿ ಈ ಕಡೆಯಿಂದ ಆ ಕಡೆಗೆ ತಿರುಗಬೇಕಾದರೆ ಮೈಯನ್ನೆಲ್ಲ ಬಗ್ಗಿಸಬೇಕಾಯಿತು. ಹೆಸರಿಗೆ ಶಾರ್ಕು, ಸ್ವಭಾವದಲ್ಲಿ ಮಹಾ ಪುಕ್ಕಲು. ಕುಕ್ಕರ್ ಕೂಗಿದರೂ ಬೆದರಿ ಗಾಜಿಗೆ ಮೂತಿ ಬಡಿದುಕೊಂಡು ಗಾಯ ಮಾಡಿಕೊಳ್ಳುತ್ತಿತ್ತು. ಸುಧಾ ಅಡುಗೆಮನೆಯಿಂದ "ರೀ, ಕೂಗ್ತದೆ" ಎಂದು ಎಚ್ಚರಿಸುವುದು, ನಾನು ಓಡಿಬಂದು ತೊಟ್ಟಿಗೆ ಟವೆಲ್ಲು ಹೊದಿಸುವುದು ನಮ್ಮ ಬೆಳಗಿನ ವ್ಯವಸ್ಥೆಯಾಯಿತು. ನಗಬೇಡಿ, ನನಗೆ ನಿಜಕ್ಕೂ ಸಂಕಟವಾಗುತ್ತಿತ್ತು. ನಾನು ತಂದದ್ದರಿಂದ ತಾನೇ ಅದಕ್ಕೆ ಈ ಗತಿ? ಅಂಗಡಿಯವನು ಇಷ್ಟು ದೊಡ್ಡದನ್ನು ವಾಪಸು ತೆಗೆದುಕೊಳ್ಳುವುದಿಲ್ಲ ಎಂದ. ಶಿಂಷಾ ಹೊಳೆಗೆ ಬಿಡೋಣವೆಂದರೆ, ಹೊರಗಿನ ಮೀನು ಬಿಟ್ಟರೆ ಹೊಳೆಯ ಮೀನುಗಳಿಗೆ ಕುತ್ತು ಎಂದು ಮಗಳು ಕಾವ್ಯ ಫೋನಿನಲ್ಲೇ ಗದರಿದಳು. ಗಪ್ಪಿಗಳ ಗತಿ ಕಂಡಿದ್ದ ನಾನು ಹೊಳೆಯ ಆಸೆ ಬಿಟ್ಟೆ.

ಕಾವ್ಯಳನ್ನು ಕೊಟ್ಟಿರುವುದು ಕಿರುಗಾವಲಿಗೆ. ಅವಳ ಮಾವ ನಂಜೇಗೌಡರು ಯಾವುದೋ ಕೆಲಸಕ್ಕೆ ಮದ್ದೂರಿಗೆ ಬಂದವರು ಮನೆಗೂ ಬಂದರು. ಕಾಫಿ ಲೋಟ ಹಿಡಿದು ತೊಟ್ಟಿಯ ಮುಂದೆ ಬಹಳ ಹೊತ್ತು ನಿಂತರು. ಬೀಗರಿಂದ ಒಂದು ಮೆಚ್ಚುಗೆಯ ಮಾತು ಬರುತ್ತದೆಂದು ನಾನು ಕಾದೆ.

"ಇದ್ಯಾಕ್ ಬೀಗ್ರೆ ಇಲ್ಲಿ ಮಡಗಿದ್ದೀರಿ?"

ಶಾರ್ಕು ಎಂದೆ.

"ಯಾವ್ ಸಾರ್ಕು? ನಮ್ ಒಂಡದಲ್ಲಿ ಬುಟ್ಟಿರೋ ಮೀನೇ ಕನ್ರೀ ಇದು. ಉರುದ್ರೆ ಬೆಣ್ಣೆ ಇದ್ದಂಗಿರ್ತದೆ."

ತೋಟದ ಹೊಂಡದಲ್ಲಿ ಅವರು ಇಂಥವನ್ನೇ ನೂರಾರು ಸಾಕಿ, ತೂಕ ಬಂದ ಹಾಗೆ ಹಿಡಿಸಿ ಮಾರುತ್ತಿದ್ದರಂತೆ. ಅದುವರೆಗೆ ತೊಟ್ಟಿಯ ಕಡೆ ತಲೆಯೆತ್ತಿಯೂ ನೋಡದಿದ್ದ ಅವ್ವ, ಕನ್ನಡಕ ಹಾಕಿಕೊಂಡು ಹತ್ತಿರ ಬಂದು ಮೀನನ್ನು ತಲೆಯಿಂದ ಬಾಲದವರೆಗೆ ನೋಡಿದಳು. ಆ ನೋಟ ನನಗೆ ಒಗ್ಗಲಿಲ್ಲ. ಇಕ್ಕಟ್ಟು ನೋಡಿ: ಇಷ್ಟು ದೊಡ್ಡ ಮೀನಿಗೆ ಸಾಕಾಗುವಷ್ಟು ನೀರು ನನಗೆ ಗೊತ್ತಿದ್ದ ಹಾಗೆ ಬೀಗರ ಹೊಂಡದಲ್ಲಿ ಮಾತ್ರ ಇತ್ತು, ಆ ಹೊಂಡದ ಮೀನುಗಳಿಗೆಲ್ಲ ಕೊನೆಗೆ ದಾರಿ ಇದ್ದದ್ದು ಬಾಣಲೆಗೆ. ನಿಮ್ಮದನ್ನು ಹಿಡಿಸುವುದಿಲ್ಲ, ಗ್ಯಾನದಲ್ಲಿ ಮಡಿಕತೀವಿ ಬುಡಿ ಎಂದು ಬೀಗರು ಮಾತು ಕೊಟ್ಟರು. ಒಪ್ಪಿಕೊಂಡೆ.

ಮೀನು ಸಾಗಿಸಲು ಸುಧಾಳ ಮುಚ್ಚಳದ ದೊಡ್ಡ ಸ್ಟೀಲ್ ಪಾತ್ರೆಯೇ ಬೇಕಾಯಿತು. ಗೃಹಪ್ರವೇಶಕ್ಕೆ ತವರಿನವರು ಹೆಸರು ಕೆತ್ತಿಸಿ ಕೊಟ್ಟ ಪಾತ್ರೆ. ತೊಳೆದು ತರಬೇಕೆಂಬ ಕರಾರಿನ ಮೇಲೆ ಕೊಟ್ಟಳು. ಬೀಗರ ಕಾರಿನ ಹಿಂದಿನ ಸೀಟಿನಲ್ಲಿ ನಾನು ಅದನ್ನು ಅಪ್ಪಿಕೊಂಡು ಕೂತೆ. ರಸ್ತೆಯ ಪ್ರತಿ ಉಬ್ಬಿಗೂ ನನ್ನ ಪ್ಯಾಂಟು ಒದ್ದೆಯಾಯಿತು. ಹೊಂಡಕ್ಕೆ ಬಿಟ್ಟ ತಕ್ಷಣ ಮೀನು ಒಂದು ಸಲ ಬಾಲ ಬಡಿದು, ಬಗ್ಗದೆ ಕುಗ್ಗದೆ ನೇರವಾಗಿ ಹೋಗಿಬಿಟ್ಟಿತು. ಅದು ಹಾಗೆ ನೆಟ್ಟಗೆ ಈಜಿದ್ದನ್ನು ನಾನು ಕಂಡದ್ದು ಅದೇ ಮೊದಲು. ಕಣ್ಣಲ್ಲಿ ನೀರು ಬಂತು. ಹೊರಡುವಾಗ ಪಾತ್ರೆಗೆ ಕೈಚಾಚಿದರೆ ಬೀಗಿತ್ತಿ ಬಿಡಲಿಲ್ಲ. "ಬೀಗ್ರ ಪಾತ್ರೆಯ ಬರಿದಾಗಿ ಕಳ್ಸಾದುಂಟಾ ಅಣ್ಣ? ಇರ್ಲಿ ಬುಡಿ, ತುಂಬಿ ಕಳ್ಸಿಕೊಡ್ತೀವಿ" ಎಂದರು. ನಮ್ಮ ಕಡೆಯ ಒಳ್ಳೆಯ ಪದ್ಧತಿ ಅದು. ಏನು ತುಂಬಿ ಕಳಿಸಬಹುದು ಎಂಬ ಯೋಚನೆ ನನಗೆ ಹೊಳೆದದ್ದು ಬಸ್ಸು ಮಳವಳ್ಳಿ ಮುಟ್ಟಿದಾಗ.

ಅಲ್ಲಿಂದ ಶುರುವಾಯಿತು. ಸುಧಾ ಬೆಳಗೆದ್ದರೆ ಪಾತ್ರೆ ಯಾವಾಗ ಬರುತ್ತದೆ ಎನ್ನುವಳು. ನಾನು ಆತುರವೇನು ಎನ್ನುವೆ. ಬೀಗರ ಮನೆಯಲ್ಲಿ ಕೇಳುವುದು ಮರ್ಯಾದೆಯಲ್ಲ, ಹೊಸ ಪಾತ್ರೆಯನ್ನೇ ತಂದುಕೊಡುತ್ತೇನೆ ಎಂದೂ ಹೇಳಿನೋಡಿದೆ. ಹೆಸರು ಕೆತ್ತಿಸಿದ ಪಾತ್ರೆ ನಿಮಗೆ ಬಸ್ ಸ್ಟಾಂಡಿನಲ್ಲಿ ಸಿಗುತ್ತದೆಯೇ ಎಂದು ಕೇಳಿದಳು. ಬಾಗಿಲ ಬಳಿ ಕಾರು ನಿಂತ ಸದ್ದಾದರೆ, ಬಂದವರ ಕೈಯಲ್ಲಿ ಪಾತ್ರೆ ಇದೆಯೇ ಎಂದು ಕಿಟಕಿಗೆ ಓಡುತ್ತಿದ್ದೆ. ಬಿ.ಪಿ. ಮೊದಲಿಗಿಂತ ಮೇಲೇರಿತು.

ಕಡೆಗೆ ಒಂದು ಭಾನುವಾರ ಅಳಿಯ ಬಂದ, ಕೈಯಲ್ಲಿ ಪಾತ್ರೆ. ಮುಚ್ಚಳ ತೆಗೆಯುವ ಮುಂಚೆಯೇ ಮನೆಯೆಲ್ಲ ಹುರಿದ ಮೀನಿನ ಘಮ. ಅವ್ವ ತಟ್ಟೆ ಹಾಕಿದಳು. ನಾನು ಹಸಿವಿಲ್ಲ ಎಂದು ಹಿತ್ತಲಿಗೆ ಹೋಗಿ ಬೀಗರಿಗೆ ಫೋನು ಮಾಡಿದೆ. ನಾಲೆ ನೀರು, ಕಬ್ಬು, ದನಕರು ಎಲ್ಲವನ್ನೂ ವಿಚಾರಿಸಿ, ಕೊನೆಗೆ, ಇವತ್ತು ಕಳಿಸಿದ್ದು ಯಾವುದು ಎಂದು ಕೇಳಿದೆ.

"ನಿಮ್ದಲ್ಲ ಬುಡಿ ಬೀಗ್ರೆ. ಮೂತಿ ಮ್ಯಾಲೆ ಗಾಯದ ಗುರ್ತು ಅದೆಯಲ್ಲ, ನಂಗೊತ್ತಾಯ್ತದೆ. ನಿಮ್ದು ಇನ್ನೂ ತೂಕ ಬಂದಿಲ್ಲ."

ಕೊನೆಯ ಮಾತು ಕೇಳಿಸದವನಂತೆ ಫೋನಿಟ್ಟು ಒಳಗೆ ಬಂದು ಕೂತೆ. ಒಂದು ತುಂಡು ತಿಂದೆ, ಬೀಗರ ಮನಸ್ಸು ನೋಯಬಾರದೆಂದು. ಇನ್ನೊಂದನ್ನು ಅಳಿಯನ ಮುಖ ನೋಡಿ ತಿಂದೆ. ಆಮೇಲಿನವಕ್ಕೆ ಕಾರಣ ಹುಡುಕುತ್ತಾ ಕೂರಲಿಲ್ಲ.

ಪಾತ್ರೆ ಈಗ ನಮ್ಮ ಅಟ್ಟದ ಮೇಲಿದೆ. ಅದು ಇಲ್ಲಿರುವಷ್ಟು ದಿನ ಬೀಗರಿಗೆ ತುಂಬಿ ಕಳಿಸುವ ಹಂಗಿಲ್ಲ, ಅಲ್ಲಿ ನನ್ನ ಮೀನಿಗೆ ಭಯವಿಲ್ಲ ಎಂಬುದು ನನ್ನ ಲೆಕ್ಕಾಚಾರ. ಕಜ್ಜಾಯ ಮಾಡಿ ಅದೇ ಪಾತ್ರೆಯಲ್ಲಿ ಕಿರುಗಾವಲಿಗೆ ಕಳಿಸೋಣ ಎಂದು ಸುಧಾ ಹೇಳಿದಾಗ, ಸುತರಾಂ ಬೇಡವೆಂದು ಹಠ ಹಿಡಿದವನು ನಾನೇ. ಮೊನ್ನೆ ಭಾನುವಾರ ಬೆಳಿಗ್ಗೆ ಸ್ನಾನ ಮುಗಿಸಿ ಬಂದು, ಅಂದಹಾಗೆ ಆ ಕಜ್ಜಾಯದ ವಿಚಾರ ಏನಾಯಿತು ಎಂದು ಅವಳನ್ನು ಕೇಳಿದವನೂ ನಾನೇ.