ನಮ್ಮ ಗೋತ್ರದ ಆರು ಇಂಗ್ಲಿಷ್ ಹುಡುಗಿಯರು

ನಾನು ಹೇಳಿಕೊಂಡು ಬಂದ ಹಾಗೆ ಅತ್ತಿಗೆ ಸೀರೆಯ ಮೇಲೆ ತೊಡುತ್ತಿದ್ದ ಆ ಸೈಕಲ್ ತಂಡದ ಜರ್ಸಿ ನೇರಳೆ ಬಣ್ಣದ್ದೇ ಅಲ್ಲವೇನೋ. ನಾಲ್ಕು ಸಲ ಹೇಳಿದ ಕತೆಗೆ ಬಣ್ಣ ಬಳಿಯುವವರು ನಾವೇ ತಾನೆ! ಸೈಕಲ್ ಹತ್ತಲೂ ಬಾರದ ನನ್ನ ಅತ್ತಿಗೆ ಅಮೆರಿಕದ ಬಾಥೆಲ್ ಎಂಬ ಊರಿನಲ್ಲಿ ಕೂತು ಬ್ರಿಟನ್ನಿನ ಒಂದು ಮಹಿಳಾ ಸೈಕ್ಲಿಂಗ್ ತಂಡವನ್ನು ಸಾಕುತ್ತಿದ್ದರು ಎಂಬುದಷ್ಟೇ ಖಚಿತ. ಸಾಕುತ್ತಿದ್ದದ್ದು ದುಡ್ಡು ಕೊಟ್ಟಲ್ಲ, ದೇವರಿಗೆ ಹೇಳಿಕೊಂಡು.

ರೇಸಿದ್ದ ವಾರ ದೇವಸ್ಥಾನದಲ್ಲಿ ಆರು ಹುಡುಗಿಯರ ಹೆಸರಿಗೂ ಅರ್ಚನೆ. ವೆಬ್‌ಸೈಟಿನಿಂದ ಹುಟ್ಟಿದ ದಿನ ಹೆಕ್ಕಿ, ಪಂಚಾಂಗ ನೋಡಿ ನಕ್ಷತ್ರ ಹುಡುಕಿಟ್ಟಿದ್ದರು! ಭಟ್ಟರು ತಬ್ಬಿಬ್ಬು.

“ಗೋತ್ರ ಏನಮ್ಮಾ?”

“ಎಲ್ಲರಿಗೂ ನಮ್ದೇ ಹಾಕಿ. ಕೌಂಡಿನ್ಯ.”

“ಆರೂ ಜನ ನಿಮ್ಮ ಮಕ್ಕಳಾ?”

“ಹಾಗೇ ಅಂದ್ಕೊಳ್ಳಿ. ಇಂಗ್ಲೆಂಡಲ್ಲಿದಾರೆ.”

ತಂಡ ಸೋತರೆ ಮನೆಯಲ್ಲಿ ಒಗ್ಗರಣೆಯಿಲ್ಲದ ಸಾರು. ಅಂದರೆ ಹೆಚ್ಚುಕಡಿಮೆ ಪ್ರತಿ ವಾರ!

“ಅಲ್ಲೆಲ್ಲೋ ಯಾರೋ ಬಿದ್ರೆ ನನ್ನ ಊಟ ಯಾಕೆ ಕೆಡ್ಬೇಕು?” ಎಂದು ಅಣ್ಣ ಗೊಣಗುತ್ತಿದ್ದ.

ಅತ್ತಿಗೆಯ ಅಚ್ಚುಮೆಚ್ಚಿನವಳು ಗೆಲ್ಲುವವಳಲ್ಲ. ಹಿಂದೆ ಬರುವ ತಂಡದ ಕಾರಿನಿಂದ ನೀರಿನ ಬಾಟಲಿಗಳನ್ನು ಜರ್ಸಿಯೊಳಗೆ ತುರುಕಿಕೊಂಡು, ಮುಂದಿದ್ದವರಿಗೆ ಹಂಚಿ, ತಾನು ಕೊನೆಯಲ್ಲಿ ಬರುವವಳು. ಆ ಆಟದಲ್ಲಿ ಅದೂ ಒಂದು ಉದ್ಯೋಗ.

“ಅವಳಿಗೆ ಗೆಲ್ಲೋಕೆ ಬರಲ್ವಾ ಅತ್ತಿಗೆ?”

“ಬರತ್ತೆ ಕಣೋ. ಗೆಲ್ಲೋದು ಅವಳ ಕೆಲಸ ಅಲ್ಲ, ಅಷ್ಟೆ.”

“ಓ, ನಿಮ್ಮ ಹಾಗೆ ಅನ್ನಿ!” ಎಂದೆ.

ಅಣ್ಣ ಜೋರಾಗಿ ನಕ್ಕ. ಅತ್ತಿಗೆ ಮೈಸೂರಿನಲ್ಲಿ ಬಿ.ಇ. ಮುಗಿಸಿದವರು. ಅವರಿಗಿದ್ದ ವೀಸಾದಲ್ಲಿ ಕೆಲಸ ಮಾಡುವಂತಿರಲಿಲ್ಲ. ಅಣ್ಣನ ಡಬ್ಬಿಗೆ ಮುಚ್ಚಳ ಒತ್ತುತ್ತ ಅವರೂ ನಕ್ಕರು ಎಂದು ನನ್ನ ನೆನಪು. ನನ್ನ ನೆನಪು ಯಾವಾಗಲೂ ನನ್ನ ಪರವೇ ವಾದಿಸುತ್ತದೆ.

ಒಂದು ವರ್ಷ ತಂಡ ಕ್ಯಾಲಿಫೋರ್ನಿಯಾಕ್ಕೆ ರೇಸಿಗೆ ಬಂತು. ಅತ್ತಿಗೆಗೆ ಒಂದೇ ಆಸೆ: ರಸ್ತೆ ಪಕ್ಕ ನಿಂತು ಆ ಹುಡುಗಿಯ ಕೈಗೆ ಒಂದು ಬಾಟಲಿ ಕೊಡಬೇಕು.

“ಒಂದ್ ಸಲ ಅವಳಿಗೂ ಯಾರಾದ್ರೂ ನೀರು ತಂದ್ಕೊಡ್ಲಿ.”

ಅಣ್ಣನಿಗೆ ಆ ವಾರವೇ ಪ್ರಾಜೆಕ್ಟ್ ರಿಲೀಸ್. ನಾನು ಬಿಡುವಾಗಿದ್ದೆ.

“ಮುಂದಿನ ವರ್ಷ ಕರ್ಕೊಂಡ್ ಹೋಗ್ತೀನಿ ಅತ್ತಿಗೆ, ಪ್ರಾಮಿಸ್” ಎಂದೆ. ಯಾಕೆ? ಸೋಮಾರಿತನ, ಮತ್ತೇನು!

ಮುಂದಿನ ವರ್ಷ ತಂಡವೇ ಇರಲಿಲ್ಲ. ಪ್ರಾಯೋಜಕರು ಕೈಬಿಟ್ಟಿದ್ದರು. ಆ ಭಾನುವಾರ ತಿಂಡಿಗೆ ಹೋದಾಗ ಅತ್ತಿಗೆ ನನ್ನೆದುರು ಲ್ಯಾಪ್‌ಟಾಪ್ ಇಟ್ಟರು.

“ಉಳಿದೋರಿಗೆ ಎಲ್ಲಾದ್ರೂ ಸಿಗತ್ತೆ. ಅವಳಿಗೆ ಸಿಕ್ತಾ ನೋಡಿ ಹೇಳೋ. ನಂಗೆ ನೋಡೋಕೆ ಧೈರ್ಯ ಇಲ್ಲ.”

ಹುಡುಕಿದೆ. ಐವರಿಗೂ ಹೊಸ ತಂಡ ಸಿಕ್ಕಿತ್ತು. ಅವಳ ಹೆಸರು ಎಲ್ಲೂ ಇರಲಿಲ್ಲ.

“ಸಿಕ್ಕಿದೆ ಅತ್ತಿಗೆ, ಬೆಲ್ಜಿಯಂನಲ್ಲಿ” ಎಂದೆ.

ಬೆಲ್ಜಿಯಂನ ತಂಡಗಳೆಲ್ಲ ಅವರಿಗೆ ಬಾಯಿಪಾಠ. ಆದರೂ ಯಾವ ತಂಡ ಎಂದು ಕೇಳಲಿಲ್ಲ.

“ಒಳ್ಳೇದಾಯ್ತು ಬಿಡು” ಎಂದು ನನ್ನ ತಟ್ಟೆಗೆ ಇನ್ನೊಂದು ದೋಸೆ ಹಾಕಿದರು.

ಆ ಹುಡುಗಿ ಏನಾದಳೋ ನನಗೆ ಗೊತ್ತಿಲ್ಲ. ಅತ್ತಿಗೆ ನನ್ನನ್ನು ನಂಬಿದರೋ, ಇಲ್ಲ ನನ್ನ ಮರ್ಯಾದೆ ಉಳಿಸಿದರೋ, ಅದೂ ಗೊತ್ತಿಲ್ಲ.